ಐತಪ್ಪ: ಭಾನುವಾರ ಹುಟ್ಟಿದವನ ಹೆಸರು

ಮಹಾರಾಷ್ಟ್ರದಲ್ಲಿ ಶಾಲೆಗೆ ಅರ್ಜಿ ಹಾಕಿದರೂ ರೇಷನ್ ಕಾರ್ಡಿಗೆ ಹಾಕಿದರೂ ಹೆಸರಿಗೆಂದು ಮೂರು ಜಾಗ ಬಿಟ್ಟಿರುತ್ತಾರೆ. ಮೊದಲನೆಯದು ಅವರವರ ಹೆಸರು, ನಡುವಿನದು ತಂದೆಯದ್ದೋ ಗಂಡನದ್ದೋ, ಕೊನೆಯದು ಅಡ್ಡಹೆಸರು. ನಮ್ಮ ತುಳುನಾಡಿನ ಊರಿನಲ್ಲಾದರೆ ತಂದೆಯ ಹೆಸರು ಇನಿಶಿಯಲ್‌ನ ಒಂದಕ್ಷರದಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಪೂರ್ತಿ ಬರೆಯಲೇಬೇಕು. ಹಾಗೆ ಬರೆಯಬೇಕಾಗಿ ಬಂದದ್ದರಿಂದಲೇ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ತುಳುನಾಡಿನ ಮನೆಗಳ ಕಾಗದಪತ್ರಗಳಲ್ಲಿ ಕೆಲವು ಹಳೆಯ ಹೆಸರುಗಳು ಉಳಿದುಕೊಂಡಿವೆ. ದೂಮಪ್ಪ, ತ್ಯಾಂಪಣ್ಣ, ಕಾಂತಪ್ಪ, ಕೊರಗಪ್ಪ, ತನಿಯಪ್ಪ. ಇವುಗಳ ಸಾಲಿನಲ್ಲೇ ಐತಪ್ಪ.

ಐವತ್ತು ಅರುವತ್ತು ದಾಟಿದವರ ನಡುಹೆಸರಾಗಿ ಐತಪ್ಪ ಇನ್ನೂ ಕಣ್ಣಿಗೆ ಬೀಳುತ್ತದೆ. ಸ್ವಂತ ಹೆಸರಾಗಿ ಕಾಣಬೇಕಾದರೆ ಎಂಬತ್ತರ ಆಸುಪಾಸಿನ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ತೊಟ್ಟಿಲಲ್ಲಿ ಈ ಹೆಸರು ಕೇಳುವುದಿಲ್ಲ. ಥಾಣೆಯಿಂದ ಪನ್ವೇಲ್‌ವರೆಗೆ ನಾನು ಹೋದ ಯಾವ ನಾಮಕರಣದಲ್ಲೂ ಕೇಳಿಲ್ಲ. ನಮ್ಮಲ್ಲಿ ಯಾವ ಹೆಸರು ಎಷ್ಟು ಮಂದಿಗಿದೆ ಎಂದು ಲೆಕ್ಕವಿಟ್ಟು ಪ್ರಕಟಿಸುವ ಪದ್ಧತಿ ಇಲ್ಲವಾದ್ದರಿಂದ, ಹೆಸರೊಂದರ ಏಳುಬೀಳನ್ನು ತಿಳಿಯಲು ಬೇರೆ ದಾರಿ ಹಿಡಿಯಬೇಕಾಗುತ್ತದೆ. ಮುಂಬಯಿಯ ಕನ್ನಡ ಪತ್ರಿಕೆಗಳ ನಿಧನವಾರ್ತೆ, ಮದುವೆಯ ಕರೆಯೋಲೆಗಳಲ್ಲಿ ಅಜ್ಜ ಅಜ್ಜಿಯರ ಸಾಲು, ದೇವಸ್ಥಾನಗಳ ಗೋಡೆಯ ಮೇಲಿನ ದಾನಿಗಳ ಕಲ್ಲು, ಯಕ್ಷಗಾನ ಬಯಲಾಟದ ಸೇವಾಕರ್ತರ ಪಟ್ಟಿ. ಇವಿಷ್ಟನ್ನು ಓದುತ್ತ ಬಂದರೆ ಐತಪ್ಪ ಎಂಬ ಹೆಸರು ಯಾವ ತಲೆಮಾರಿನಲ್ಲಿ ನಿಂತಿತು ಎಂಬುದು ಸ್ಪಷ್ಟವಾಗುತ್ತದೆ. ಸ್ವಾತಂತ್ರ್ಯ ಬಂದ ಕಾಲದ ಹಿಂದುಮುಂದೆ ಹುಟ್ಟಿದವರೇ ಹೆಚ್ಚುಕಡಿಮೆ ಕೊನೆಯವರು.

ಹೆಸರಿನ ಮೂಲ ಸರಳ. ಸಂಸ್ಕೃತದ ಆದಿತ್ಯವಾರ ಜನರ ಬಾಯಲ್ಲಿ ದಕಾರ ಸವೆದು ಆಯಿತವಾರ, ಐತವಾರ ಆಯಿತು. ತುಳುವಿನಲ್ಲಿ ಅದು ಐತಾರ, ಕೊಂಕಣಿಯಲ್ಲಿ ಆಯ್ತಾರ, ಹಿಂದಿಯಲ್ಲಿ ಇತವಾರ. ಮರಾಠಿಯಲ್ಲಿ ಇಂದು ರವಿವಾರವೇ ಚಾಲ್ತಿಯಲ್ಲಿದ್ದರೂ ಹಳಬರಿಗೆ ಆಇತವಾರ ಎಂದರೆ ಗೊತ್ತು. ಐತಾರ ಹುಟ್ಟಿದ ಮಗು ಐತ. ಅದಕ್ಕೆ ಗೌರವದ, ಅಕ್ಕರೆಯ ಅಪ್ಪ ಸೇರಿದರೆ ಐತಪ್ಪ. ಆದಿತ್ಯನೇ ಐತ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಐತಪ್ಪ ಎಂಬ ಹೆಸರನ್ನು ಹಳ್ಳಿಯದು, ಒರಟು ಎಂದು ಬಿಟ್ಟ ಮನೆಗಳೇ ಎರಡು ತಲೆಮಾರು ದಾಟಿ ಮೊಮ್ಮಗನಿಗೆ ಆದಿತ್ಯ ಎಂದು ಹೆಸರಿಟ್ಟಿವೆ. ತಾವು ಇಟ್ಟದ್ದು ಅಜ್ಜನ ಹೆಸರನ್ನೇ ಎಂದು ಆ ಮನೆಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದು ಅವರಿಗೆ ತಿಳಿಯಬೇಕು ಎಂಬುದೇ ಈ ಲೇಖನದ ಆಸೆ.

ಐತಪ್ಪ ಒಬ್ಬಂಟಿ ಹೆಸರೂ ಅಲ್ಲ. ವಾರದ ಏಳು ದಿನಕ್ಕೂ ತುಳುನಾಡಿನಲ್ಲಿ ಹೆಸರುಗಳಿದ್ದವು. ಸೋಮವಾರಕ್ಕೆ ಸೋಮ, ತೋಮ, ಚೋಮ. ಮಂಗಳವಾರವನ್ನು ತುಳುವಿನಲ್ಲಿ ಅಂಗಾರೆ ಎನ್ನುವುದರಿಂದ ಅಂಗಾರ. ಬುಧವಾರಕ್ಕೆ ಬೂದ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ಸುಕ್ರ ಅಥವಾ ತುಕ್ರ, ಶನಿವಾರಕ್ಕೆ ತನಿಯ ಅಥವಾ ಚನಿಯ. ಹೆಣ್ಣಾದರೆ ತುಕ್ರು, ಅಂಗಾರು. ತುಳುವಿನಲ್ಲಿ ಪದದ ಮೊದಲ ಸಕಾರ ಊರಿನಿಂದ ಊರಿಗೆ, ಜಾತಿಯಿಂದ ಜಾತಿಗೆ ತಕಾರವೋ ಚಕಾರವೋ ಹಕಾರವೋ ಆಗುತ್ತದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತಂದ ತುಳು ನಿಘಂಟನ್ನು ತೆರೆದರೆ ಇಂಥ ಜೋಡಿಗಳು ಸಾಲುಸಾಲಾಗಿ ಸಿಗುತ್ತವೆ. ಹಾಗಾಗಿ ಶುಕ್ರನೇ ತುಕ್ರ, ಶನಿಯೇ ತನಿಯ. ಭಾನುವಾರದ ಹೆಸರಿಗೆ ಮಾತ್ರ ಈ ಬದಲಾವಣೆಯ ತೊಡಕಿಲ್ಲ. ಸ್ವರದಿಂದ ಶುರುವಾಗುವುದರಿಂದ ಐತ ಎಲ್ಲ ಕಡೆಯೂ ಐತನೇ. ಬಂಟ್ವಾಳ, ಪುತ್ತೂರು, ಸುಳ್ಯದಿಂದ ಮಂಜೇಶ್ವರ, ಕಾಸರಗೋಡಿನವರೆಗೆ ರೈ, ಆಳ್ವ, ಶೆಟ್ಟಿ, ಪೂಜಾರಿ, ಮೂಲ್ಯ, ನಾಯ್ಕ ಎಲ್ಲರಲ್ಲೂ ಐತಪ್ಪ ಇದ್ದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಉತ್ತರ ಕನ್ನಡದಲ್ಲೂ ಈ ಪದ್ಧತಿ ಇದೆ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಹೆಸರಿನಲ್ಲಿರುವುದು ಶುಕ್ರವಾರ. ಅದೇ ಶುಕ್ರವಾರ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನರ ಹೆಸರಿನಲ್ಲೂ ಇದೆ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡು ಕೋಫಿ. ಅಂಕೋಲೆಯ ಗದ್ದೆಯಂಚಿನ ಮನೆಗೂ ಘಾನಾದ ಕುಮಾಸಿಯ ಮನೆಗೂ ಯಾವ ಕೊಡುಕೊಳೆಯೂ ಇರಲಿಲ್ಲ. ಮಗು ಹುಟ್ಟಿದಾಗ ಮೊದಲು ನೆನಪಿಗೆ ಬರುವುದು ಇವತ್ತು ಯಾವ ವಾರ ಎಂಬುದೇ, ಎರಡೂ ಕಡೆ.

ವಾರದ ಹೆಸರು ಯಾಕೆ ಹುಟ್ಟಿತು ಎಂಬುದಕ್ಕೆ ಉತ್ತರ ಆ ಮನೆಗಳ ಬದುಕಿನಲ್ಲಿದೆ. ಪಂಚಾಂಗ ನೋಡಿ ನಕ್ಷತ್ರದ ಪಾದಕ್ಕೆ ತಕ್ಕ ಅಕ್ಷರ ತೆಗೆದುಕೊಡಲು ಪುರೋಹಿತರು ಎಲ್ಲರ ಮನೆಗೂ ಬರುತ್ತಿರಲಿಲ್ಲ. ತಾರೀಕು ಬರೆದಿಡಲು ಅಕ್ಷರ ಗೊತ್ತಿರಲಿಲ್ಲ. ವಾರ ಮಾತ್ರ ಎಲ್ಲರಿಗೂ ಗೊತ್ತಿತ್ತು, ಸಂತೆ ವಾರದ ಮೇಲೆ ನಡೆಯುತ್ತಿತ್ತು, ದೈವದ ಹರಕೆ ವಾರ ನೋಡಿ ಸಲ್ಲುತ್ತಿತ್ತು. ಮಗುವಿನ ಹೆಸರೇ ಅದರ ಜನನದ ದಾಖಲೆಯಾಯಿತು. ತಾನು ಯಾವ ವರ್ಷ ಹುಟ್ಟಿದೆ ಎಂದು ಹೇಳಲಾರದ ಅಜ್ಜ ಯಾವ ವಾರ ಹುಟ್ಟಿದೆ ಎಂದು ಮಾತ್ರ ಖಚಿತವಾಗಿ ಹೇಳಬಲ್ಲವರಾಗಿದ್ದರು. ಮುಂಬಯಿಗೆ ಬಂದ ಆ ತಲೆಮಾರಿನ ಎಷ್ಟೋ ಜನರ ಕಾಗದಗಳಲ್ಲಿ ಹುಟ್ಟಿದ ದಿನ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಿಂದ ಬರೆದ ತಾರೀಕು ಅದು. ಹೆಸರಿನೊಳಗಿನ ವಾರ ನಿಜ, ಸರ್ಟಿಫಿಕೇಟಿನ ತಾರೀಕು ಅಂದಾಜು. 1969ರ ಜನನ ಮರಣ ನೋಂದಣಿ ಕಾಯ್ದೆ ಬಂದು, ಹೆರಿಗೆಗಳು ಆಸ್ಪತ್ರೆಗೆ ಸರಿದು, ಮಹಾನಗರಪಾಲಿಕೆಯ ಜನನ ಪ್ರಮಾಣಪತ್ರ ಕೈಗೆ ಸಿಗತೊಡಗಿದ ಮೇಲೆ ಹೆಸರಿನ ಮೇಲಿದ್ದ ಈ ಹೊಣೆ ಇಳಿಯಿತು. ವಾರದ ಹೆಸರುಗಳು ಅಪರೂಪವಾದದ್ದಕ್ಕೆ ಇದೊಂದು ಕಾರಣ. ದೊಡ್ಡ ಕಾರಣ ಬೇರೆಯೇ ಇದೆ.

ಅದನ್ನು ಹೇಳುವಾಗ ಮಾತು ತೇಲಿಸಬಾರದು. ಐತ ಎಂದು ಕರೆಸಿಕೊಂಡವರು ಯಾರು, ಐತಪ್ಪ ಎಂದು ಕರೆಸಿಕೊಂಡವರು ಯಾರು, ಐತಪ್ಪಣ್ಣ ಎನಿಸಿಕೊಂಡವರು ಯಾರು ಎಂದು ನೋಡಿದರೆ ತುಳುನಾಡಿನ ಗದ್ದೆಯ ಮೇಲುಕೀಳು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗುತ್ತಿನ, ಅಂದರೆ ಧಣಿಗಳ ಮನೆಯಲ್ಲಿ ಹುಟ್ಟಿದವನಿಗೆ ಅಪ್ಪವೂ ಅಣ್ಣವೂ ಸೇರುತ್ತಿತ್ತು. ಒಕ್ಕಲು ಮನೆಯವನಿಗೆ ಅಪ್ಪ ಸೇರಿದರೂ ಧಣಿಗಳ ಬಾಯಲ್ಲಿ ಅದು ಉದುರಿಹೋಗುತ್ತಿತ್ತು. ಮೇರ, ಮುಂಡಾಲ, ಕೊರಗ ಸಮುದಾಯದ ಮಗುವಿಗೆ ಐತ, ತುಕ್ರ, ಅಂಗಾರ ಎಂಬ ಬರಿ ಹೆಸರೇ ಗತಿ. ಅಪ್ಪ ಎಂದು ಸೇರಿಸಿಕೊಂಡರೆ ಅದು ಅಧಿಕಪ್ರಸಂಗ. ಒಂದೇ ಭಾನುವಾರ ಹುಟ್ಟಿದ ಮಕ್ಕಳ ಹೆಸರಿನ ಕೊನೆಯ ಅಕ್ಷರಗಳಲ್ಲಿ ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿಗೆ ಬರಬಹುದು ಎಂಬುದು ತೀರ್ಮಾನವಾಗಿರುತ್ತಿತ್ತು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯಲ್ಲಿ ಚೋಮನ ದೊಡ್ಡ ಮಕ್ಕಳು ಚನಿಯ ಮತ್ತು ಗುರುವ. ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋಗುವವರು ಅವರೇ. ಶನಿವಾರ, ಗುರುವಾರಗಳಂದು ಹುಟ್ಟಿದ ಇಬ್ಬರು ಹುಡುಗರು, ಸೋಮವಾರದ ಅಪ್ಪ. ಕಾರಂತರು ಹೆಸರುಗಳನ್ನು ಸುಮ್ಮನೆ ಆರಿಸಿಕೊಂಡಿರಲಿಲ್ಲ. ತುಂಡು ನೆಲವನ್ನು ಸ್ವಂತಕ್ಕೆ ಉಳಲು ಬಿಡದ ವ್ಯವಸ್ಥೆ ಮನುಷ್ಯನಿಗೆ ಎಷ್ಟು ಹೆಸರು ಕೊಡುತ್ತಿತ್ತೋ ಅಷ್ಟನ್ನೇ ಅವರು ಬರೆದರು.

ಇದೇ ಕಥೆ ಕಡಲಾಚೆಯೂ ನಡೆದಿದೆ. ಅಕಾನ್ ಜನರಲ್ಲಿ ಭಾನುವಾರ ಹುಟ್ಟಿದ ಗಂಡು ಕ್ವಾಸಿ, ಅಂದರೆ ನಮ್ಮ ಐತ. ಅವರನ್ನು ಗುಲಾಮರನ್ನಾಗಿ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಿದಾಗ ಆ ಹೆಸರೂ ಹಡಗು ಹತ್ತಿತು. ತೋಟದ ಒಡೆಯರ ಬಾಯಲ್ಲಿ ಅದು ಕ್ವಾಶಿ ಆಯಿತು, ಕಾಲಕ್ರಮೇಣ ಕ್ವಾಶಿ ಎಂದರೆ ದಡ್ಡ, ಗಮಾರ ಎಂಬ ಬೈಗುಳವೇ ಆಗಿಹೋಯಿತು. ಒಬ್ಬ ತಾಯಿ ಪ್ರೀತಿಯಿಂದ ಇಟ್ಟ ಭಾನುವಾರದ ಹೆಸರು ಇನ್ನೊಬ್ಬರ ನಾಲಗೆಯಲ್ಲಿ ಹೀಗೆ ಕೆಟ್ಟಿತು. ಹೆಸರಿನ ತವರಿನಲ್ಲಿ ಮಾತ್ರ ಅದಕ್ಕೆ ಕುಂದು ಬರಲಿಲ್ಲ. 1957ರಲ್ಲಿ ಘಾನಾ ಸ್ವತಂತ್ರವಾದಾಗ ಅದರ ಮುಂದಾಳು ಕ್ವಾಮೆ ಎನ್ಕ್ರುಮಾ ಹೊತ್ತಿದ್ದದ್ದು ಶನಿವಾರದ ಹೆಸರು, ನಮ್ಮ ತನಿಯ. ಅಲ್ಲಿ ವಾರದ ಹೆಸರು ಇಂದಿಗೂ ಅರಸನಿಗೂ ಸಲ್ಲುತ್ತದೆ, ಆಳಿಗೂ ಸಲ್ಲುತ್ತದೆ. ನಮ್ಮಲ್ಲಿ ಅದು ಹಾಗೆ ಸಲ್ಲದಂತೆ ಮಾಡಿದವರು ನಾವೇ.

ದೂರ ಯಾಕೆ, ಕಲ್ಯಾಣದಿಂದ ಮುರ್ಬಾಡ, ಶಹಾಪುರದ ಕಡೆ ಹೋದರೆ ಅಲ್ಲಿನ ಆದಿವಾಸಿ ಪಾಡಾಗಳಲ್ಲಿ ಸೋಮ್ಯಾ, ಮಂಗಳ್ಯಾ, ಬುಧ್ಯಾ, ಶುಕ್ರ್ಯಾ ಎಂಬ ಹೆಸರುಗಳು ಸಿಗುತ್ತವೆ. ಮರಾಠಿಯಲ್ಲಿ ಹೆಸರಿನ ಕೊನೆಗೆ ಬರುವ ಈ ಯಾ ಗೆಳೆಯರ ನಡುವೆ ಸಲುಗೆ, ಸಾಹುಕಾರನ ಬಾಯಲ್ಲಿ ತಾತ್ಸಾರ. ರಾವ್ ಅಥವಾ ಜೀ ಸೇರಿದವರ ಪಟ್ಟಿಯೇ ಬೇರೆ. ಐತ ಮತ್ತು ಐತಪ್ಪಣ್ಣನ ನಡುವಿನ ಅಂತರವೇ ಇಲ್ಲಿಯೂ. ನಮ್ಮವರು ಘಟ್ಟ ಹತ್ತದೆ, ಕಡಲ ತೀರ ಹಿಡಿದು ನೂರಾರು ಮೈಲಿ ಬಂದು ಬಿಡಾರ ಹೂಡಿದ ಜಾಗದ ಪಕ್ಕದಲ್ಲೇ ತಮ್ಮಂಥದೇ ಹೆಸರಿನವರು ಮೊದಲಿನಿಂದ ಇದ್ದರು. ಪರಸ್ಪರ ಗುರುತು ಹಿಡಿಯಲಿಲ್ಲ, ಅಷ್ಟೇ.

ಇನ್ನು ಮುಂಬಯಿಯ ಪಾತ್ರ. ಊರಿನಿಂದ ಹತ್ತು ಹನ್ನೆರಡರ ವಯಸ್ಸಿನಲ್ಲಿ ಬಂದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆಯುವಾಗ ಅವನಿಗೆ ಹೆಸರೇ ಇರಲಿಲ್ಲ, ಪೋರ್‍ಯಾ ಎಂದೋ ಬಾಬು ಎಂದೋ ಕರೆದರೆ ಓಡಿಬರಬೇಕಿತ್ತು. ಗಲ್ಲಾಕ್ಕೆ ಬಂದು ಕೂತ ಮೇಲೆ ಗಿರಾಕಿಗಳಿಗೆ ಅವನು ಅಣ್ಣಾ, ಇಲ್ಲವೇ ಶೆಟ್ಟಿ. ಈ ಎರಡರ ನಡುವೆ ಸ್ವಂತ ಹೆಸರಿಗೆ ಬೆಲೆ ಬಂದದ್ದು ರಾತ್ರಿ ಶಾಲೆಗಳಲ್ಲಿ. ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಸುತ್ತಮುತ್ತ ನಡೆಯುತ್ತಿದ್ದ ಕನ್ನಡ ರಾತ್ರಿ ಶಾಲೆಗಳಿಗೆ ದಿನವಿಡೀ ದುಡಿದು ಬಂದ ಹುಡುಗರು ದಾಖಲಾಗುವಾಗ ಹಾಜರಿ ಪುಸ್ತಕಕ್ಕೆ ಹೆಸರು ಬೇಕಾಯಿತು. ಅಲ್ಲಿ ಎಷ್ಟೋ ಐತಂದಿರು ಆನಂದರಾದರು, ತುಕ್ರಂದಿರು ಸುಂದರರಾದರು, ಬೂದಂದಿರು ಬಾಬು ಆಗಿಯೇ ಉಳಿದರು. ಯಾರೂ ಬಲವಂತ ಮಾಡಲಿಲ್ಲ. ಇಲ್ಲಿ ಯಾರಿಗೂ ತನ್ನ ಮನೆ ಗೊತ್ತಿಲ್ಲ, ತನ್ನ ಧಣಿ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಹುಡುಗ ತಾನೇ ತನಗೊಂದು ಹೆಸರಿಟ್ಟುಕೊಂಡ. ಆ ಕ್ಷಣವನ್ನು ಸಂಸ್ಕೃತಿ ಮರೆತದ್ದು ಎಂದು ಹಳಿಯಲು ನನಗೆ ಮನಸ್ಸಿಲ್ಲ. ಊರಿನಲ್ಲಿ ಹತ್ತು ಹನ್ನೆರಡು ವರ್ಷ ಒಂದೇ ಸ್ವರದಲ್ಲಿ ಕೂಗಿಸಿಕೊಂಡ ಹೆಸರನ್ನು ಬೋರಿಬಂದರಿನಲ್ಲಿ ಇಳಿಸಿಬಿಟ್ಟವನಿಗೆ ಅದರ ಭಾರ ಗೊತ್ತಿತ್ತು.

ಹೆಸರು ಬದಲಾವಣೆಗೆ ಸರಕಾರಿ ದಾರಿಯೂ ಇತ್ತು, ಇಂದಿಗೂ ಇದೆ. ಪ್ರತಿಜ್ಞಾಪತ್ರ ಮಾಡಿಸಿ ಅರ್ಜಿ ಕೊಟ್ಟರೆ ಚರ್ನಿ ರೋಡಿನ ಸರಕಾರಿ ಮುದ್ರಣಾಲಯದಿಂದ ಮಹಾರಾಷ್ಟ್ರ ಗೆಜೆಟ್‌ನಲ್ಲಿ ಹಳೆಯ ಹೆಸರು, ಹೊಸ ಹೆಸರು ಅಚ್ಚಾಗುತ್ತದೆ. ಈಗ ಅರ್ಜಿ ಆನ್‌ಲೈನ್‌ನಲ್ಲೇ ಹೋಗುತ್ತದೆ. ಆದರೆ ನಮ್ಮವರಲ್ಲಿ ಹಲವರು ಗೆಜೆಟ್‌ಗೆ ಹೋದದ್ದು ಹೆಸರು ಬೇಡವೆಂದಲ್ಲ, ಕಾಗುಣಿತ ಸರಿಪಡಿಸಲು. ತೆಂಕಣದವರು ಇಂಗ್ಲಿಷಿನಲ್ಲಿ ತಕಾರ ಬರೆಯುವಾಗ ಟಿ ಜೊತೆ ಎಚ್ ಸೇರಿಸುತ್ತಾರೆ, ಮಹಾರಾಷ್ಟ್ರದಲ್ಲಿ ಟಿ ಎಚ್ ಎಂದರೆ ಥಕಾರ. ಹೀಗೆ ಐತಪ್ಪ ಮರಾಠಿ ಕಾಗದದಲ್ಲಿ ಐಥಪ್ಪಾ ಆದ. ಇನ್ನೊಬ್ಬ ಗುಮಾಸ್ತರು ಎಚ್ ತೆಗೆದರು, ಮತ್ತೊಬ್ಬರು ಮೊದಲ ಅಕ್ಷರವನ್ನು ಐ ಒಂದರಿಂದಲೇ ಬರೆದರು. ಶಾಲೆಯ ದಾಖಲೆಯಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಮೂರನೆಯದು. ಮನೆ ಕೊಳ್ಳುವಾಗ, ಭವಿಷ್ಯನಿಧಿ ಬಿಡಿಸುವಾಗ, ಮಕ್ಕಳ ಪಾಸ್‌ಪೋರ್ಟ್ ಮಾಡಿಸುವಾಗ ಮೂವರೂ ಒಬ್ಬರೇ ಎಂದು ಸಾಬೀತು ಮಾಡುತ್ತ ಅಲೆಯಬೇಕಾಯಿತು. ಹೀಗೆ ಅಲೆದ ಮಗ ತನ್ನ ಮಗನಿಗೆ ಯಾವ ಲಿಪಿಯಲ್ಲಿ ಬರೆದರೂ ಕೆಡದ ಹೆಸರನ್ನು ಹುಡುಕಿದ್ದರಲ್ಲಿ ಆಶ್ಚರ್ಯವೇನಿದೆ?

ಜೊತೆಗೆ ಮರಾಠಿಯ ಒಂದು ಪದವೂ ಅಡ್ಡ ಬಂತು. ದುಡಿಯದೆ ಕೂತು ತಿನ್ನುವವನನ್ನು ಮರಾಠಿಯಲ್ಲಿ ಆಯತಖಾವೂ, ಐತಖಾವೂ ಎನ್ನುತ್ತಾರೆ. ತರಗತಿಯಲ್ಲಿ ತಂದೆಯ ಹೆಸರು ಕೂಗಿದಾಗ ಈ ಪದ ನೆನಪಾಗದಿರಲು ಸಾಧ್ಯವಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟು ಹೊಯ್ಯುತ್ತಿದ್ದ ಅಪ್ಪಂದಿರ ಹೆಸರಿಗೆ ಈ ಪದ ಅಂಟಿಕೊಂಡದ್ದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಮ್ಮ ಕನ್ನಡಿಗರಲ್ಲೇ ವಿಜಯಪುರ, ಕಲಬುರಗಿ ಕಡೆಯಿಂದ ಕಲ್ಯಾಣಕ್ಕೆ ದುಡಿಯಲು ಬಂದವರಿಗೆ ಐತ ಎಂದರೆ ‘ಐತಿ’ ಎಂದೇ ಕೇಳಿಸುತ್ತಿತ್ತು. ಹೆಸರು ತನ್ನ ನೆಲ ಬಿಟ್ಟ ಮೇಲೆ ಅರ್ಥ ಹೇಳಿಕೊಡುವವರು ಯಾರೂ ಇಲ್ಲದಾಯಿತು.

ಆದರೂ ಐತಪ್ಪಂದಿರ ಮನೆಯಲ್ಲಿ ಸೂರ್ಯ ಮುಳುಗಲಿಲ್ಲ ಎಂಬುದೇ ಈ ಹೆಸರಿನ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಐತಪ್ಪ ತನ್ನ ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೋಡಿ: ಭಾಸ್ಕರ, ದಿವಾಕರ, ಪ್ರಭಾಕರ, ದಿನಕರ, ರವಿ, ರವೀಂದ್ರ. 1950ರಿಂದ 70ರ ದಶಕದವರೆಗೆ ಕರಾವಳಿಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಈ ಹೆಸರುಗಳು ಬೀದಿಗೆ ನಾಲ್ಕು ಸಿಗುತ್ತವೆ. ಎಲ್ಲವೂ ಸೂರ್ಯನವೇ. ಮುಂಬಯಿಯಲ್ಲಿ ಬೆಳೆದ ಆ ಭಾಸ್ಕರ, ದಿವಾಕರರು ತಮ್ಮ ಮಕ್ಕಳಿಗೆ ಆದಿತ್ಯ ಎಂದರು, ಮಿಹಿರ್ ಎಂದರು. ಈಗ ಡೊಂಬಿವಲಿಯ ಬಾಲವಾಡಿಗಳಲ್ಲಿ ಹಾಜರಿ ಕರೆಯುವಾಗ ಆರುಷ್, ವಿಹಾನ್ ಎಂದು ಕೇಳುತ್ತದೆ. ಆರುಷ್ ಎಂದರೆ ಕೆಂಪು ಸೂರ್ಯ, ವಿಹಾನ್ ಎಂದರೆ ಬೆಳಗು. ನಾಲ್ಕು ತಲೆಮಾರು, ಒಂದೇ ಅರ್ಥ. ಭಾಸ್ಕರ ಎನ್ನುವಾಗ ಅಪ್ಪ ಶಾಲೆಯ ಕನ್ನಡ ಪಾಠದಿಂದ ಪದ ತೆಗೆದುಕೊಂಡ, ಆದಿತ್ಯ ಎನ್ನುವಾಗ ಮಗ ಟಿವಿ, ಸಿನಿಮಾ, ನೆರೆಮನೆಯ ಮರಾಠಿಗರಿಂದ ತೆಗೆದುಕೊಂಡ, ವಿಹಾನ್ ಎನ್ನುವಾಗ ಮೊಮ್ಮಗ ಮೊಬೈಲಿನಲ್ಲಿ ಹುಡುಕಿದ. ಹುಡುಕಿ ತಂದದ್ದು ಮತ್ತೆ ಅದನ್ನೇ.

ಈ ನೆಲಕ್ಕೂ ಆದಿತ್ಯನ ಹೆಸರು ಹೊಸದಲ್ಲ. ಥಾಣೆ ಒಂದು ಕಾಲದಲ್ಲಿ ಶ್ರೀಸ್ಥಾನಕ, ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಕಲ್ಯಾಣದ ಪಕ್ಕದ ಅಂಬರನಾಥದ ಶಿವಾಲಯ ಅವರ ಕಾಲದ್ದು, ಅಲ್ಲಿನ ಶಾಸನದ ಕಾಲ ಕ್ರಿ.ಶ. 1060. ಆ ವಂಶದಲ್ಲಿ ಗೊಗ್ಗಿ, ಮುಮ್ಮುಣಿಯಂಥ ಹೆಸರುಗಳಿವೆ, ಕನ್ನಡದ ಕಿವಿಗೆ ಅವು ಪರಕೀಯವೆನಿಸುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆಳಿದ ಅರಸನ ಹೆಸರು ಅಪರಾದಿತ್ಯ, ಇನ್ನೊಬ್ಬ ಆದಿತ್ಯ ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಅಪರಾರ್ಕ ಎಂದೇ ಹೆಸರಾಗಿದೆ, ಅರ್ಕನೂ ಸೂರ್ಯನೇ. ಧರ್ಮಶಾಸ್ತ್ರ ಬರೆದ ಥಾಣೆಯ ಅರಸನಿಗೂ, ಎಂಟುನೂರು ವರ್ಷಗಳ ನಂತರ ಅದೇ ಥಾಣೆಯ ಸ್ಟೇಷನ್ನಿನ ಬಳಿ ಹೋಟೆಲಿನಲ್ಲಿ ಸಾಂಬಾರು ಬಡಿಸಿದ ಐತಪ್ಪನಿಗೂ ಹೆಸರು ಒಂದೇ ಬೇರಿನದು. ಒಬ್ಬನದು ತಾಮ್ರಪಟದ ಮೇಲೆ ಪೂರ್ತಿ ಅಕ್ಷರಗಳಲ್ಲಿ ಉಳಿಯಿತು, ಇನ್ನೊಬ್ಬನದು ಬಾಯಿಂದ ಬಾಯಿಗೆ ಸವೆಯುತ್ತ ಬಂತು.

ಹಳೆಯ ತುಳು ಹೆಸರುಗಳೆಲ್ಲ ಮರೆಯಾದವು ಎಂದೂ ಹೇಳುವಂತಿಲ್ಲ. ಸಿರಿ ಎಂಬ ಹೆಸರನ್ನು ನೋಡಿ. ತುಳುವಿನ ಮಹಾಸಂಧಿಯೊಂದರ ನಾಯಕಿ ಅವಳು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಮಾಚಾರು ಗೋಪಾಲ ನಾಯ್ಕರ ಬಾಯಿಂದ ಆ ಕಾವ್ಯವನ್ನು ಧ್ವನಿಮುದ್ರಿಸಿಕೊಂಡು 1998ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಿಯರ ಕಾಲದಲ್ಲಿ ಸಿರಿ ಎಂದು ಮಗುವಿಗೆ ಹೆಸರಿಡಲು ಭಯಪಡುತ್ತಿದ್ದರು, ಅದು ಆವೇಶದ, ಸಿರಿಯ ಆರಾಧನೆ ನಡೆಯುವ ಆಲಡೆಯ ಹೆಸರು. ಇಂದು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಸಿರಿ ಎಂಬ ಪುಟ್ಟ ಹುಡುಗಿಯರಿದ್ದಾರೆ. ಎರಡಕ್ಷರ, ಮೃದು ಉಚ್ಚಾರ, ಅರ್ಥ ಸಂಪತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸಿರಿ ಎಂಬ ಹೆಸರಿನಲ್ಲಿ ಯಾರೂ ಯಾರನ್ನೂ ಅಂಗಳದಲ್ಲಿ ನಿಲ್ಲಿಸಿ ಕೂಗಿದ ನೆನಪಿಲ್ಲ. ಐತ ಎನ್ನುವುದೂ ಎರಡೇ ಅಕ್ಷರ, ಉಚ್ಚಾರವೂ ಕಠಿಣವಲ್ಲ, ಅರ್ಥವಂತೂ ಸೂರ್ಯ. ಅಡ್ಡಿ ಇರುವುದು ನೆನಪಿನಲ್ಲಿ ಮಾತ್ರ.

ಶನಿವಾರದ ಹೆಸರಿನ ಪಾಡು ಇನ್ನೂ ವಿಚಿತ್ರ. ತುಳುವರ ದೈವ ಕೊರಗಜ್ಜನ ನಿಜವಾದ ಹೆಸರು ಕೊರಗ ತನಿಯ. ಮೈರಕ್ಕೆ ಬೈದೆದಿ ಸಾಕಿದ ಆ ಹುಡುಗನ ಕಥೆ ತುಳು ಜನಪದ ಹಾಡಾದ ಪಾಡ್ದನದಲ್ಲಿದೆ. ಇವತ್ತು ಕೊರಗಜ್ಜನಿಗೆ ನಡೆದುಕೊಳ್ಳದ ತುಳುವರ ಮನೆ ಥಾಣೆ ಜಿಲ್ಲೆಯಲ್ಲಿ ಅಪರೂಪ. ಕಳೆದುಹೋದ ಚಿನ್ನ ಸಿಕ್ಕರೆ, ಮಗನಿಗೆ ಕೆಲಸ ಸಿಕ್ಕರೆ, ಊರಿಗೆ ಹೋಗಿ ಚಕ್ಕುಲಿ, ವೀಳ್ಯದೆಲೆ ಇಟ್ಟು ಬರುತ್ತಾರೆ, ರಿಕ್ಷಾದ ಗಾಜಿನ ಮೇಲೆ ಅಜ್ಜನ ಚಿತ್ರ ಅಂಟಿಸುತ್ತಾರೆ. ಆದರೂ ಮಗನಿಗೆ ತನಿಯ ಎಂದು ಹೆಸರಿಡುವವರಿಲ್ಲ. ಅತ್ಯಂತ ತುಳಿತಕ್ಕೊಳಗಾದ ಸಮುದಾಯದ ಹುಡುಗನನ್ನು ದೈವವೆಂದು ಕೈಮುಗಿಯಲು ನಾವು ಕಲಿತಿದ್ದೇವೆ, ಅವನ ಹೆಸರನ್ನು ನಮ್ಮ ತೊಟ್ಟಿಲಿಗೆ ತರಲು ಕಲಿತಿಲ್ಲ. ಭಕ್ತಿ ನಿಜವಾದದ್ದೇ. ಅದು ಹೆಸರಿನವರೆಗೆ ಬಂದರೆ ಇನ್ನೂ ನಿಜವಾಗುತ್ತದೆ ಎಂದು ನಾನು ನಂಬುತ್ತೇನೆ.

ಮರಾಠಿಗರಲ್ಲೂ ಇಂಥ ಹೆಸರುಗಳ ಇಳಿಗಾಲ ಬಂದಿದೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಮಗುವಿಗೆ ಧೋಂಡು, ದಗಡು ಎಂದು ಕಲ್ಲಿನ ಹೆಸರಿಡುತ್ತಿದ್ದರು, ನಮ್ಮಲ್ಲಿ ತಿಪ್ಪಣ್ಣ, ಗುಂಡಪ್ಪ ಎಂದಂತೆ. ಮಹಿಳಾ ಶಿಕ್ಷಣಕ್ಕೆ ಬದುಕನ್ನೇ ಕೊಟ್ಟ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ. ಅವರು 1858ರಿಂದ 1962ರವರೆಗೆ, ನೂರಕ್ಕೂ ಹೆಚ್ಚು ವರ್ಷ ಬಾಳಿದರು, ಭಾರತರತ್ನ ಪಡೆದರು. ಆದರೂ ಇಂದು ಡೊಂಬಿವಲಿಯ ಯಾವ ಮರಾಠಿ ಮನೆಯೂ ಮಗುವಿಗೆ ಧೋಂಡೋ ಎನ್ನುವುದಿಲ್ಲ. ಹೆಸರಾಂತವರೊಬ್ಬರು ಹೊತ್ತ ಮಾತ್ರಕ್ಕೆ ಹೆಸರು ಬದುಕುವುದಿಲ್ಲ. ಅದನ್ನು ಇಡಬೇಕಾದ ಅಗತ್ಯವೇ ಹೋದ ಮೇಲೆ ಹೆಸರೂ ಹೋಗುತ್ತದೆ. ಮಕ್ಕಳು ಸಾಯದ ಕಾಲ ಬಂದದ್ದರಿಂದ ಧೋಂಡು ಹೋದ. ಅದರ ಬಗ್ಗೆ ದುಃಖಪಡಬೇಕಾಗಿಲ್ಲ.

ಹಾಗಾದರೆ ಐತಪ್ಪನೂ ಹೋಗಲಿ ಎನ್ನಬಹುದೇ? ಇಲ್ಲಿ ನನ್ನ ಅಭಿಪ್ರಾಯ ಬೇರೆ. ಧೋಂಡು ಹುಟ್ಟಿದ್ದು ಸಾವಿನ ಭಯದಿಂದ, ಐತಪ್ಪ ಹುಟ್ಟಿದ್ದು ವಾರದ ಮೊದಲ ದಿನದಿಂದ. ಹೆಸರಿನಲ್ಲಿ ದೋಷವಿಲ್ಲ, ಕರೆದವರಲ್ಲಿತ್ತು. ಕರೆದವರ ಕಾಲ ಮುಗಿಯಿತು. ಭೂಸುಧಾರಣೆ ಬಂತು, ಗೇಣಿ ಹೋಯಿತು, ಐತನ ಮಕ್ಕಳು ವಾಶಿಯಲ್ಲಿ ಮನೆ ಮಾಡಿದರು, ಮೊಮ್ಮಕ್ಕಳು ಇಂಜಿನಿಯರಾದರು. ಈಗ ಈ ಹೆಸರನ್ನು ಕೂಗಿ ಅವಮಾನಿಸುವ ಶಕ್ತಿ ಯಾರಿಗೂ ಉಳಿದಿಲ್ಲ. ಒಂದು ಹೆಸರನ್ನು ಮರಳಿ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಿಕ್ಕಿಲ್ಲ. ಆದರೆ ತೆಗೆದುಕೊಳ್ಳುವ ಹಕ್ಕು ಅದನ್ನು ಹೊತ್ತು ನೊಂದ ಮನೆಗಳದ್ದು ಮೊದಲು. ಅವರು ಬೇಡವೆಂದರೆ ಅದಕ್ಕೂ ತಲೆಬಾಗಬೇಕು. ಗುತ್ತಿನ ಮನೆಯ ಮೊಮ್ಮಕ್ಕಳು ಹಳೆಯದರ ಮೋಹದಿಂದ ಐತ ಎಂದು ಹೆಸರಿಟ್ಟು, ಒಕ್ಕಲು ಮನೆಯವರೂ ಹಾಗೇ ಇಡಲಿ ಎಂದು ಉಪದೇಶ ಮಾಡುವುದು ಸರಿಯಲ್ಲ.

ಇಡಬೇಕೆನ್ನುವವರಿಗೆ ಅಡ್ಡಿಗಳು ಕಡಿಮೆ. ನಕ್ಷತ್ರ ನೋಡುವವರಿಗೆ ಒಂದು ಸಂಗತಿ ಹೇಳುತ್ತೇನೆ: ಕೃತ್ತಿಕೆಯ ಅಕ್ಷರಗಳು ಅ, ಇ, ಉ, ಎ, ದಶೆಯ ಲೆಕ್ಕದಲ್ಲಿ ಕೃತ್ತಿಕೆಗೆ ಅಧಿಪತಿ ರವಿಯೇ. ಆದಿತ್ಯ ಎಂದು ಜಾತಕದಲ್ಲಿ ಬರೆಸಿ ಮನೆಯಲ್ಲಿ ಐತ ಎಂದು ಕರೆದರೆ ಶಾಸ್ತ್ರಕ್ಕೂ ಲೋಪವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎಚ್ ಬಿಡಬೇಕು, ಬಿಟ್ಟರೆ ಮರಾಠಿಯಲ್ಲೂ ತಕಾರ ತಕಾರವಾಗಿಯೇ ಉಳಿಯುತ್ತದೆ. ನಾಮಕರಣ ಆಗದೆ ಜನನ ನೋಂದಣಿಯಾಗಿದ್ದರೆ ಹೆಸರನ್ನು ಆಮೇಲೆ ಸೇರಿಸಲು ಕಾಯ್ದೆಯಲ್ಲೇ ಅವಕಾಶವಿದೆ, ಆತುರಪಡಬೇಕಾಗಿಲ್ಲ.

ಹೆಸರು ಇಡದಿದ್ದರೂ ಬರೆದಿಡುವ ಕೆಲಸವಂತೂ ತುರ್ತಾಗಿ ಆಗಬೇಕು. ಆಟಿಯಲ್ಲೂ ದೀಪಾವಳಿಯ ಪರ್ಬದಲ್ಲೂ ಸತ್ತ ಹಿರಿಯರಿಗೆ ಬಡಿಸುವ ಮನೆಗಳಲ್ಲಿ ಅವರ ಹೆಸರು ಹೇಳಿ ಕರೆಯುವ ಕ್ರಮ ಇತ್ತು. ಫ್ಲ್ಯಾಟಿನ ಅಡುಗೆಮನೆಯಲ್ಲಿ ಎಲೆ ಹಾಕುವವರು ಈಗ ‘ಹಿರಿಯರೇ’ ಎಂದಷ್ಟೇ ಹೇಳಿ ಮುಗಿಸುತ್ತಾರೆ, ಹೆಸರು ಗೊತ್ತಿರುವವರು ಉಳಿದಿಲ್ಲ. ಬರಿ ಎಂಬ ತಾಯಿಕವಲಿನ ಹೆಸರನ್ನು ಮದುವೆಯ ಹೊತ್ತಿಗೆ ಕೇಳಿಯಾದರೂ ತಿಳಿದುಕೊಳ್ಳುತ್ತಾರೆ, ಅಜ್ಜನ ಅಪ್ಪನ ಹೆಸರು ಕೇಳುವವರಿಲ್ಲ. ಮಹಾರಾಷ್ಟ್ರದ ಅರ್ಜಿ ತಂದೆಯ ಹೆಸರನ್ನು ಒಂದು ತಲೆಮಾರು ಮಾತ್ರ ಕಾಪಾಡುತ್ತದೆ. ಐತಪ್ಪ ಮಗನ ನಡುಹೆಸರಾಗಿ ಉಳಿದ, ಮೊಮ್ಮಗನ ನಡುಹೆಸರು ಭಾಸ್ಕರ, ಅಲ್ಲಿಗೆ ಕಾಗದದಿಂದ ಐತಪ್ಪ ಹೊರಬಿದ್ದ. ಡೊಂಬಿವಲಿ ಕರ್ನಾಟಕ ಸಂಘದಂಥ, ಶಾಲೆ ಕಾಲೇಜು ನಡೆಸುವ ಸಂಸ್ಥೆಗಳೂ ಜಾತಿಸಂಘಗಳ ಸ್ಥಳೀಯ ಸಮಿತಿಗಳೂ ನಮ್ಮಲ್ಲಿ ಬೇಕಾದಷ್ಟಿವೆ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತುಗಳ ನಡುವೆ ಎರಡು ಪುಟ ಬಿಟ್ಟು, ಸದಸ್ಯರ ಮನೆಗಳ ಅಜ್ಜ ಅಜ್ಜಿಯರ ಹೆಸರು, ಊರು, ಅವರು ಮುಂಬಯಿಗೆ ಬಂದ ವರ್ಷ ಇಷ್ಟನ್ನು ಅಚ್ಚು ಹಾಕಿಸಿದರೆ ನಾಳೆ ಹುಡುಕುವವರಿಗೆ ಸಿಗುತ್ತದೆ. ಹೆಂಗಸರ ಹೆಸರುಗಳನ್ನಂತೂ ಬಿಡಬಾರದು. ತುಕ್ರು, ಅಂಗಾರು, ದೇಯಿ, ಮುತ್ತಕ್ಕೆ ಎಂಬ ಹೆಸರುಗಳಿಗೆ ಅರ್ಜಿಯ ನಡುವಿನ ಜಾಗವೂ ಸಿಗಲಿಲ್ಲ. ಅವರ ಮಕ್ಕಳ ಹೆಸರಿನೊಂದಿಗೆ ಎಂದೂ ಅಪ್ಪನದೇ ಬಂತು. ಅಳಿಯಕಟ್ಟಿನಲ್ಲಿ ಹುಟ್ಟಿ ತಾಯಿಯ ಬರಿಯಿಂದ ಗುರುತಿಸಿಕೊಂಡ ಮಂದಿಯ ಪಾಲಿಗೆ ಇದು ಸಣ್ಣ ಪಲ್ಲಟವೇನಲ್ಲ.

ಅದೊಂದನ್ನು ಈಗ ತಿದ್ದಲಾಗಿದೆ. ಮಹಾರಾಷ್ಟ್ರ ಸರಕಾರದ ನಿರ್ಧಾರದಂತೆ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕು. ಆ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಥಾಣೆಯಲ್ಲೂ ನವಿಮುಂಬಯಿಯಲ್ಲೂ ಹೆಸರಿಗೆ ನಾಲ್ಕು ಜಾಗಗಳಿರುತ್ತವೆ.